ವಸ್ತಿಗೆ ಕೂಸಿನೊಂದಿಗೆ ಬರುವ ತಂಗಿಗೆ

ಬಾಗಲಕೋಟೆಯ ನವನಗರ ಬಿಟ್ಟು, 14 ತಿಂಗಳ ಮಗನನ್ನು ಕರೆದುಕೊಂಡು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ, ತೋಟದೊಳಗಿನ ವಸ್ತಿಮನೆಗೆ ಬರುತ್ತಿದ್ದೀಯೆ. ಅಲ್ಲಿ ಮಕ್ಕಳನ್ನು ಬೆಳೆಸಿದವರು ಯಾವುದಕ್ಕೆಲ್ಲ ಎಚ್ಚರದಿಂದಿದ್ದರು ಎಂದು ಕೇಳಿದ್ದೀಯೆ. ತಂಗಿ, ಅದೇ ಸೀಮೆಯ ದ್ರಾಕ್ಷಿ ತೋಟದಲ್ಲಿ ನಾನು ಇಬ್ಬರನ್ನು ಬೆಳೆಸಿದ್ದೇನೆ. ಅಕ್ಕಪಕ್ಕದ ವಸ್ತಿಗಳ ತಾಯಂದಿರು ಅನುಭವಿಸಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎಲ್ಲರೂ ನಿನಗೆ ಮೊದಲು ಹಾವು, ಚೇಳಿನ ಹೆದರಿಕೆ ಹಾಕುತ್ತಾರೆ. ನಾನು ಹೆದರುವುದು ನಮ್ಮ ಮನೆಯ ನೆಲಕ್ಕೆ. ನಾವು ರೊಟ್ಟಿ ಬಡಿಯುವುದು ನೆಲದ ಮೇಲೆ, ಕುದಿಯುವ ಬೇಳೆಯ ಪಾತ್ರೆ ಇಳಿಸುವುದು ನೆಲದ ಮೇಲೆ, ಉಣ್ಣುವುದೂ ಅಲ್ಲಿಯೇ. ಕೂಸು ತಿರುಗಾಡುವುದೂ ಅಲ್ಲಿಯೇ.

ನನ್ನ ಮಗಳಿಗೆ ಆಗ ಒಂದೂವರೆ ವರ್ಷ. ಬಚ್ಚಲಲ್ಲಿ ಹಂಡೆಯ ಕುದಿನೀರನ್ನು ಬಕೆಟ್ಟಿಗೆ ತೋಡಿ, ತಣ್ಣೀರು ತರಲು ಹೊರಳಿದೆ. ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತವಳು ಕೈ ಅದ್ದಿಬಿಟ್ಟಳು. ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಶಾಯಿ ತಂದರು. ಗಾಬರಿಯಲ್ಲಿ ಎರಡನ್ನೂ ಹಚ್ಚಿದೆವು. ಆಸ್ಪತ್ರೆಯಲ್ಲಿ ನರ್ಸ್ ಆ ಪೇಸ್ಟನ್ನು ತೆಗೆಯುವಾಗ ಅವಳು ಅತ್ತ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಾಡಬೇಕಾಗಿದ್ದದ್ದು ಇಷ್ಟೇ: ಸುಟ್ಟ ಕೈಯನ್ನು ನಳದ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು, ಉಳಿದ ಮೈಯನ್ನು ಬೆಚ್ಚಗೆ ಹೊದಿಸಿರುವುದು, ಆಮೇಲೆ ಸ್ವಚ್ಛ ಅರಿವೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡುವುದು. ಮಂಜುಗಡ್ಡೆ, ತುಪ್ಪ, ಅರಿಸಿನ ಯಾವುದೂ ಬೇಡ. ಅಂದಿನಿಂದ ನಮ್ಮ ಮನೆಯಲ್ಲಿ ಬಕೆಟ್ಟಿಗೆ ಮೊದಲು ಬೀಳುವುದು ತಣ್ಣೀರು. ಒಲೆಯ ಪಕ್ಕ ಸೊಂಟದೆತ್ತರದ ಕಲ್ಲಿನ ಕಟ್ಟೆ ಕಟ್ಟಿಸಿದೆವು. ಬಿಸಿಯದ್ದೆಲ್ಲ ಅದರ ಮೇಲೆಯೇ ಇಳಿಯುತ್ತದೆ. ರೊಟ್ಟಿ ಬಡಿಯುವ ಹೊತ್ತಿಗೆ ಕೂಸು ಯಾರಾದರೊಬ್ಬರ ಬಗಲಲ್ಲಿ ಇರಲೇಬೇಕು. ಅತ್ತೆಯವರಿಗೆ ಇದನ್ನು ಹೇಳಲು ಸಂಕೋಚಪಡಬೇಡ.

ನೆಲದ ಮೇಲೆ ಉದುರಿದ ಶೇಂಗಾ, ಪುಟಾಣಿ (ಹುರಿಗಡಲೆ) ಇನ್ನೊಂದು ಅಪಾಯ. ಪಕ್ಕದ ವಸ್ತಿಯ ಕಾಕು ಅವರ ಮೊಮ್ಮಗ ಹತ್ತು ದಿನ ಕೆಮ್ಮಿದ. ಎಲ್ಲರೂ ನೆಗಡಿ ಎಂದುಕೊಂಡರು. ಕೊನೆಗೆ ವಿಜಯಪುರದಲ್ಲಿ ದುರ್ಬೀನು ಹಾಕಿ ಶ್ವಾಸನಾಳದಿಂದ ಅರ್ಧ ಶೇಂಗಾ ಬೀಜ ತೆಗೆದರು. ಐದು ವರ್ಷ ತುಂಬುವವರೆಗೆ ಇಡೀ ಬೀಜ ಕೊಡಬೇಡ, ನುಣ್ಣಗೆ ಪುಡಿ ಮಾಡಿ ಬೆಲ್ಲ ಬೆರೆಸಿ ಕೊಡು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡು. ಏನಾದರೂ ಸಿಕ್ಕಿಕೊಂಡಾಗ ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡು. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನಿನ ಹಲಗೆಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಬಡಿ. ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸಬೇಡ, ಇನ್ನೂ ಒಳಕ್ಕೆ ಹೋಗುತ್ತದೆ. ಹೊಟ್ಟೆ ಒತ್ತಿ ಹೊರಹಾಕಿಸುವ ಕ್ರಮವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಕಣ್ಣಾರೆ ನೋಡಿ ಕಲಿತುಕೋ.

ಬೇಸಿಗೆಯಲ್ಲಿ, ಮಳೆಯ ಮೊದಲ ವಾರಗಳಲ್ಲಿ ಭೇದಿ ಬರುತ್ತದೆ. ಓಆರ್‌ಎಸ್ ಪುಡಿಯ ಪೊಟ್ಟಣ ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತದೆ. ದೊಡ್ಡ ಪೊಟ್ಟಣವಾದರೆ ಪೂರ್ತಿಯಾಗಿ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ನಾನು ಮೊದಲ ಸಲ ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿದು ಕುಡಿಸಿದ್ದೆ. ಉಪ್ಪು ಹೆಚ್ಚಾದರೆ ಕೂಸಿಗೆ ಕೇಡೇ ಎಂದು ಆಮೇಲೆ ತಿಳಿಯಿತು. ಜೊತೆಗೆ ಸತು (ಜಿಂಕ್) ಮಾತ್ರೆ, ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತಿತೆಂದು ಮೂರನೆಯ ದಿನಕ್ಕೇ ಬಿಡಬೇಡ. ಎದೆಹಾಲು, ಊಟ ಎರಡನ್ನೂ ನಿಲ್ಲಿಸಬಾರದು. ಅಂಗಡಿಯ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ. ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ಮಂಕಾಗಿ ಬಿದ್ದುಕೊಂಡರೆ ತಡಮಾಡಬೇಡ.

ಚೇಳಿನ ವಿಷಯ ಚಿಕ್ಕದು. ಕೌದಿಯನ್ನು ದಿನವೂ ಜಾಡಿಸು. ಕುಳ್ಳು, ಕಟ್ಟಿಗೆಯ ರಾಶಿ ಗೋಡೆಗೆ ಹತ್ತಿರ ಬೇಡ. ಕಡಿದರೆ ಮಂತ್ರ ಹಾಕಿಸುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗು. ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕೆಟ್ಟ ಲಕ್ಷಣ. ಅದಕ್ಕೆ ಪ್ರಜೋಸಿನ್ ಎಂಬ ಮಾತ್ರೆ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಔಷಧಿ ಸಿಂಪಡಿಸುವ ದಿನ ಗಂಡಸರು ಉಳಿದ ಕೀಟನಾಶಕವನ್ನು ನೀರಿನ ಬಾಟಲಿಗೆ ಸುರಿದಿಡುತ್ತಾರೆ. ಅದನ್ನು ಹಟ ಹಿಡಿದು ನಿಲ್ಲಿಸು. ಕೂಸು ಕುಡಿದದ್ದು ಗೊತ್ತಾದರೆ ವಾಂತಿ ಮಾಡಿಸಬೇಡ; ಮೂಲ ಡಬ್ಬಿಯನ್ನು ಹಿಡಿದು ಆಸ್ಪತ್ರೆಗೆ ಓಡು, 108ಕ್ಕೆ ಕರೆಮಾಡು.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಎತ್ತಿದ್ದು ನಿನಗೂ ನೆನಪಿರಬಹುದು. ಆ ರಾತ್ರಿ ನಮ್ಮ ವಸ್ತಿಗಳಲ್ಲಿ ಯಾರೂ ಮಲಗಲಿಲ್ಲ. ನೀರು ಬಾರದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲು ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಮೇಲೊಂದು ಕಲ್ಲು, ಗೋಣಿಚೀಲ ಇಟ್ಟರೆ ಸಾಲದು. ನಿಮ್ಮ ಹೊಲದಲ್ಲಿ ಎಷ್ಟು ಬಾವಿ ಕೊರೆಸಿದ್ದಾರೆ, ಯಾವುದು ಹೇಗಿದೆ ಎಂದು ಒಂದೊಂದನ್ನೂ ನಡೆದು ನೋಡು.

ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲಿಟ್ಟರೆ ದೊಡ್ಡವರಿಗೂ ಹತ್ತಿ ಬರಲಾಗದು. ಸುತ್ತ ತಂತಿ ಬೇಲಿ, ಕೂಸಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ, ನಾಲ್ಕು ಬದಿಗೂ ಗಂಟು ಹಾಕಿದ ಹಗ್ಗ ಇರಬೇಕು.

ಬರುವಾಗ ಕೂಸಿನ ಸೂಜಿಗಳನ್ನು ಬರೆದಿಡುವ ತಾಯಿ ಕಾರ್ಡ್ ತಾ. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೆಯ ಸೂಜಿಯೂ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯ ಬೂಸ್ಟರ್ ಕೂಡ ಇವೆ, ನಿನ್ನ ಮಗನಿಗೆ ಅವು ಇಲ್ಲಿಯೇ ಬೀಳುತ್ತವೆ. ಹೊಂಡಕ್ಕೆ ಬೇಲಿ ಇದೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳು. ಇಲ್ಲವೆಂದರೆ, ಅದು ಆಗುವವರೆಗೆ ತವರಿನಲ್ಲಿಯೇ ಇರು.