ಮೂಗಿನ ಮೂಳೆ ಆಪರೇಷನ್ ಆದ ಮೇಲೆ ಮನೆಯಲ್ಲಿ ಹೇಗಿರಬೇಕು? ಅನುಭವ ಇದ್ದವರು ಹೇಳಿ

ನಿಟುವಳ್ಳಿ, ದಾವಣಗೆರೆ

ನನ್ನ ತಮ್ಮನಿಗೆ ಬರುವ ಬುಧವಾರ ಮೂಗಿನ ಆಪರೇಷನ್ ಇದೆ. ಎರಡು ಹೊಳ್ಳೆಗಳ ನಡುವಿನ ಗೋಡೆ ಎಡಕ್ಕೆ ವಾಲಿದೆಯಂತೆ. ಸೆಪ್ಟೋಪ್ಲಾಸ್ಟಿ ಮಾಡಿ ನೆಟ್ಟಗೆ ಮಾಡುತ್ತೇವೆ ಎಂದಿದ್ದಾರೆ. ಮರುದಿನವೇ ಮನೆಗೆ ಕಳಿಸುತ್ತಾರೆ. ನೋಡಿಕೊಳ್ಳಲು ಅಮ್ಮ ಮತ್ತು ನಾನು ಇಬ್ಬರೇ. ಮನೆ ರಸ್ತೆಗೇ ಇದೆ, ಧೂಳು ಜಾಸ್ತಿ. ಮಾಡಿಸಿಕೊಂಡವರು, ನೋಡಿಕೊಂಡವರು ದಯವಿಟ್ಟು ಹೇಳಿ.

ವಿದ್ಯಾನಗರ, ದಾವಣಗೆರೆ

ಅಕ್ಕಾ, ನನಗೆ ಆಗಿ ಎರಡು ವರ್ಷವಾಯಿತು. ಹೆದರಬೇಡಿ. ನೋವಿಗಿಂತ ಮೂಗು ಕಟ್ಟಿರುವುದೇ ದೊಡ್ಡ ಹಿಂಸೆ. ನನಗೆ ಒಳಗೆ ತುಂಬಿದ್ದ ಪ್ಯಾಕನ್ನು ಎರಡನೇ ದಿನ ತೆಗೆದರು. ಗೋಡೆಯ ಎರಡೂ ಪಕ್ಕ ತೆಳ್ಳನೆಯ ಸಿಲಿಕೋನ್ ಪಟ್ಟಿ ಇಟ್ಟಿದ್ದರು, ಸ್ಪ್ಲಿಂಟ್ ಅಂತಾರೆ. ಅದನ್ನು ಏಳನೇ ದಿನ ತೆಗೆದರು. ಅಲ್ಲಿಯವರೆಗೆ ಬಾಯಲ್ಲೇ ಉಸಿರಾಡಬೇಕು. ರಾತ್ರಿ ಗಂಟಲು ಒಣಗಿ ಎಚ್ಚರವಾಗುತ್ತದೆ. ಹಾಸಿಗೆ ಪಕ್ಕ ನೀರು ಇಡಿ, ತುಟಿಗೆ ವ್ಯಾಸಲೀನ್ ಹಚ್ಚಿ.

ಚಪ್ಪಟೆಯಾಗಿ ಮಲಗಿದರೆ ಬಾವು ಜಾಸ್ತಿಯಾಗುತ್ತದೆ. ನಾನು ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಐದು ರಾತ್ರಿ ಅರ್ಧ ಕೂತೇ ನಿದ್ದೆ ಮಾಡಿದೆ. ಮೊದಲೆರಡು ದಿನ ಮೂಗಿನಿಂದ ರಕ್ತ ಬೆರೆತ ನೀರು ಹನಿಯುತ್ತದೆ. ಅದು ಸಹಜ. ಗಾಜ್ ಬಟ್ಟೆಯನ್ನು ಮೊದಲೇ ತಂದಿಟ್ಟುಕೊಳ್ಳಿ, ನನಗೆ ಮೊದಲ ದಿನವೇ ಎಂಟು ಸಲ ಬದಲಿಸಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ: ಮೂಗಿನೊಳಗೆ ಒತ್ತಡ ಬೀಳಬಾರದು. ಎಷ್ಟೇ ಕಟ್ಟಿದ್ದರೂ ಉಸಿರು ಜೋರಾಗಿ ತಳ್ಳಿ ಸಿಂಬಳ ತೆಗೆಯಬಾರದು, ಕನಿಷ್ಠ ಎರಡು ವಾರ. ಸೀನು ಬಂದರೆ ತಡೆಯಬಾರದು, ಬಾಯಿ ಅಗಲ ತೆರೆದು ಸೀನಬೇಕು. ನಿಮ್ಮ ತಮ್ಮನಿಗೆ ಈಗಿನಿಂದಲೇ ಅಭ್ಯಾಸ ಮಾಡಿಸಿ. ಆಮೇಲೆ ನೆನಪಾಗುವುದಿಲ್ಲ.

ಚಿತ್ರದುರ್ಗ

ನಾನು ನಮ್ಮ ಯಜಮಾನರನ್ನು ನೋಡಿಕೊಂಡವಳು. ನಮ್ಮ ಮನೆಯಲ್ಲಿ ಕಷ್ಟ ಕೊಟ್ಟಿದ್ದು ಅಡುಗೆಮನೆ! ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಎದ್ದರೆ ಸೀನು ಬರದೇ ಇರುತ್ತದಾ? ನಾಲ್ಕನೇ ದಿನ ಪಕ್ಕದ ಮನೆಯವರು ಖಾರದ ಪುಡಿಗೆ ಮೆಣಸಿನಕಾಯಿ ಹುರಿದರು. ಇವರು ಮೇಲಿಂದ ಮೇಲೆ ಸೀನಿ ರಕ್ತ ಬಂತು. ಹತ್ತು ನಿಮಿಷದಲ್ಲಿ ನಿಂತಿತು, ಆದರೆ ನನ್ನ ಜೀವ ಬಾಯಿಗೆ ಬಂದಿತ್ತು. ಅವತ್ತಿನಿಂದ ಒಗ್ಗರಣೆ ಹಾಕುವಾಗ ಅವರ ರೂಮಿನ ಬಾಗಿಲು ಮುಚ್ಚುತ್ತಿದ್ದೆ. ಊದುಬತ್ತಿ, ಸೊಳ್ಳೆ ಬತ್ತಿ ಎರಡನ್ನೂ ನಿಲ್ಲಿಸಿದೆ. ಧೂಳಿಗೆ ಒಂದೇ ದಾರಿ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ರಸ್ತೆ ಕಡೆಯ ಕಿಟಕಿಗೆ ತೆಳುವಾದ ಸೀರೆ ನೆನೆಸಿ ಹಿಂಡಿ ಕಟ್ಟಿ, ತಂಪೂ ಆಗುತ್ತದೆ.

ಊಟ ಬಿಸಿ ಬಿಸಿ ಬೇಡ. ಆರಿದ ಗಂಜಿ, ಮೊಸರನ್ನ, ಇಡ್ಲಿ, ರಾಗಿ ಅಂಬಲಿ ಸಾಕು. ರುಚಿ ವಾಸನೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಊಟ ಬೇಡ ಅನ್ನುತ್ತಾರೆ. ನಿಮ್ಮ ಅಮ್ಮ ಬೇಜಾರು ಮಾಡಿಕೊಳ್ಳದಿರಲಿ. ಮಂಡಕ್ಕಿ ಮೆಣಸಿನಕಾಯಿ ಎರಡು ವಾರ ಮರೆಯಲಿ. ಬಾಳೆಹಣ್ಣು, ಪಪ್ಪಾಯಿ ದಿನಾ ಕೊಡಿ. ಮಲಬದ್ಧತೆಯಾಗಿ ಮುಕ್ಕಿದರೂ ರಕ್ತ ಬರುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಹರಿಹರ

ಮೇಲಿನ ಮುಂದಿನ ಹಲ್ಲು ಜೋಮು ಹಿಡಿದ ಹಾಗೆ ಆದರೆ ಗಾಬರಿಯಾಗಬೇಡಿ. ಹಲ್ಲಿಗೆ ಹೋಗುವ ಸಣ್ಣ ನರ ಆ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. ನನಗೆ ಎರಡು ತಿಂಗಳಲ್ಲಿ ಸರಿಹೋಯಿತು.

ಹಿರಿಯೂರು

ನಾನು ಮಾಡಿದ ತಪ್ಪು ಹೇಳುತ್ತೇನೆ, ನಿಮ್ಮ ತಮ್ಮ ಮಾಡದಿರಲಿ. ಚೆನ್ನಾಗಿದ್ದೇನೆ ಅಂತ ಹತ್ತನೇ ದಿನ ಅಂಗಡಿಯಲ್ಲಿ ಅಕ್ಕಿ ಮೂಟೆ ಎತ್ತಿದೆ. ರಕ್ತ ಸುರಿಯಿತು. ತಲೆ ಹಿಂದಕ್ಕೆ ವಾಲಿಸಿದೆ, ಅದೂ ತಪ್ಪು. ರಕ್ತ ಗಂಟಲಿಗೆ ಇಳಿದು ವಾಂತಿಯಾಯಿತು. ಕೂತು ಮುಂದಕ್ಕೆ ಬಾಗಿ, ಮೂಗಿನ ತುದಿಯ ಮೆತ್ತಗಿನ ಭಾಗವನ್ನು ಹತ್ತರಿಂದ ಹದಿನೈದು ನಿಮಿಷ ಬಿಡದೆ ಹಿಡಿಯಬೇಕು. ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ. 101 ಡಿಗ್ರಿ ಜ್ವರ, ಎರಡೂ ಕಡೆ ಒಮ್ಮೆಲೇ ಕಟ್ಟಿ ನೋವು ಏರುವುದು, ತಲೆನೋವಿನ ಜೊತೆ ಒಂದೇ ಹೊಳ್ಳೆಯಿಂದ ತಿಳಿನೀರು ಸೋರುವುದು, ಕಣ್ಣು ಮಂಜಾಗುವುದು, ಇವಕ್ಕೂ ಬೆಳಗಾಗಲಿ ಅಂತ ಕಾಯಬೇಡಿ. ನೋವಿಗೆ ಡಾಕ್ಟರು ಬರೆದ ಮಾತ್ರೆ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ.

ನಿಟುವಳ್ಳಿ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಪಕ್ಕದ ಮನೆ ಅಜ್ಜಿ ಮೂಗಿಗೆ ತುಪ್ಪ ಬಿಡಿ, ಹಬೆ ಕೊಡಿ ಅಂತಿದ್ದಾರೆ. ಕೊಡಬಹುದಾ?

ವಿದ್ಯಾನಗರ, ದಾವಣಗೆರೆ

ಎರಡೂ ಬೇಡ ಅಕ್ಕಾ. ಬಿಸಿ ಹಬೆಗೆ ರಕ್ತನಾಳ ಹಿಗ್ಗಿ ಮತ್ತೆ ರಕ್ತ ಬರಬಹುದು. ಗಾಯ ಇರುವಾಗ ತುಪ್ಪ, ನಶ್ಯ ಯಾವುದೂ ಡಾಕ್ಟರನ್ನು ಕೇಳದೆ ಹಾಕಬಾರದು. ಅವರು ಹೇಳಿದ ಸಲೈನ್ ಸ್ಪ್ರೇ ಸಾಕು. ಉಪ್ಪುನೀರಿನಿಂದ ತೊಳೆಯಲು ಹೇಳಿದರೆ ಕುದಿಸಿ ಆರಿಸಿದ ನೀರೇ ಆಗಬೇಕು. ಬೋರ್ ನೀರು, ನಲ್ಲಿ ನೀರು ಹಾಗೇ ಮೂಗಿಗೆ ಬಿಡಬೇಡಿ. ಬಾಟಲಿಯನ್ನೂ ದಿನಾ ತೊಳೆದು ಒಣಗಿಸಿ.

ಇನ್ನೊಂದು. ಸ್ಪ್ಲಿಂಟ್ ತೆಗೆದ ದಿನ ಗಾಳಿ ಸರಾಗವಾಗಿ ಆಡಿತು. ಎರಡೇ ದಿನಕ್ಕೆ ಮತ್ತೆ ಕಟ್ಟಿತು. ಆಪರೇಷನ್ ವ್ಯರ್ಥವಾಯಿತು ಅಂತ ಅತ್ತುಬಿಟ್ಟಿದ್ದೆ. ಒಳಗಿನ ಬಾವು, ಹಕ್ಕಳೆ ಅಷ್ಟೇ ಎಂದರು ಡಾಕ್ಟರು. ಮುಂದಿನ ಭೇಟಿಯಲ್ಲಿ ಹಕ್ಕಳೆ ಎಳೆದು ತೆಗೆದರು. ನೀವು ಮಾತ್ರ ಬೆರಳಲ್ಲಿ ಕೀಳಬೇಡಿ. ಆರನೇ ವಾರಕ್ಕೆ ರಾತ್ರಿ ಬಾಯಿ ಮುಚ್ಚಿ ಮಲಗಿದೆ. ಪೂರ್ತಿ ಹದಕ್ಕೆ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು.

ಸ್ಪ್ಲಿಂಟ್ ತೆಗೆಸುವ ದಿನ ಬೈಕಲ್ಲಿ ಕರೆದುಕೊಂಡು ಹೋಗಬೇಡಿ, ಆಟೋ ಮಾಡಿ. ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ, ಎರಡು ಇಡ್ಲಿ ತಿನ್ನಿಸಿಕೊಂಡೇ ಹೊರಡಿ. ಎರಡು ನಿಮಿಷದ ಕೆಲಸ, ಕಣ್ಣಲ್ಲಿ ನೀರು ಬರುತ್ತದೆ, ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರಿ.