ಹೊಳೆಬದಿ ಜಾಗದ ಹಳೆ ಕ್ರಯಪತ್ರ: ಮೂರು ಲೆಕ್ಕ, ಮೂರು ವಿಸ್ತೀರ್ಣ – ಹೊಂದಿಸುವುದು ಹೇಗೆ?

ತೋಡುಬದಿ ಬರೆದದ್ದು:

ಮಂಗಳೂರು ಜೆಪ್ಪು ಕಡೆಯ, ನೇತ್ರಾವತಿಯ ಬಡಗು (ಉತ್ತರ) ದಂಡೆಯ ಒಂದು ಕ್ರಯಪತ್ರ. ಕೊಂಡವರು ಮಂಜಿ (ದೊಡ್ಡ ಮರದ ದೋಣಿ) ಕಟ್ಟುವ ಆಚಾರಿ, ಕೊಟ್ಟವರು ವರ್ಗದಾರರು (ಸರಕಾರಕ್ಕೆ ಕಂದಾಯ ಕಟ್ಟುವ ಜಾಗದ ಒಡೆಯರು). ಓದಲು ಸಿಕ್ಕಿದ್ದು ಇಷ್ಟು:

ತಾರೀಕು: ತಾರಣ ಸಂವತ್ಸರದ ಧನು ಮಾಸ ದಿನ 17. ಶಕ ವರ್ಷ ಬರೆದ ಮೂಲೆ ಹರಿದುಹೋಗಿದೆ.
ಕ್ರಯ: ರೂ. 225.
ಚಕ್ಕುಬಂದಿ: ಬಡಗು ಬಂಡಿ ದಾರಿ, ಮೂಡು (ಪೂರ್ವ) ತೋಡು, ಪಡು (ಪಶ್ಚಿಮ) ಅಗಳು (ಕಂದಕ), ತೆಂಕು (ದಕ್ಷಿಣ) ಹೊಳೆ.
ಅಳತೆ: ದಾರಿಯ ಬದಿ 36 ಕೋಲು (ಉದ್ದದ ಹಳೆ ಅಳತೆ), ದಾರಿಯಿಂದ ಹೊಳೆಗೆ 60 ಕೋಲು. ದಾರಿಯಿಂದ 25 ಕೋಲು ತೆಂಕಿಗೆ ಬಾವಿ.
ಬೀಜವರಿ (ಬಿತ್ತಲು ಬೇಕಾಗುವ ಬೀಜ): ಕಳಸಿಗೆ 1. ಫಲ ಬರುವ ತೆಂಗು 16.
ವರ್ಷಂಪ್ರತಿ ಕೊಡಬೇಕಾದ್ದು: ೧|| (ಇದು 111 ರೂಪಾಯಿಯಾ?)

ಒಂದು ಮುಡಿ ಅಂದರೆ ಒಂದು ಎಕರೆ, ಮೂರು ಕಳಸಿಗೆಗೆ ಒಂದು ಮುಡಿ. ಆ ಲೆಕ್ಕದಲ್ಲಿ 33 ಸೆಂಟ್ಸ್ ಆಗಬೇಕು. ಹಳೆ ಸರ್ವೆ ನಕ್ಷೆಯಲ್ಲಿ ಬದಿಗಳು 127 ಮತ್ತು 149 ಎಂದಿವೆ, ಗುಣಿಸಿದರೆ 43 ಸೆಂಟ್ಸ್ ಬರುತ್ತದೆ. ಆರ್‌ಟಿಸಿಯಲ್ಲಿ ಇರುವುದು 19 ಸೆಂಟ್ಸ್ ಮಾತ್ರ. ಯಾವುದನ್ನು ನಂಬಬೇಕು? ಇದು 1824ರದ್ದೋ 1884ರದ್ದೋ ಎಂಬುದೂ ಗೊತ್ತಾಗಬೇಕು.

---

ಹಳೆಕಡತ ಬರೆದದ್ದು:

ಮೊದಲು ನಕ್ಷೆಯ ಲೆಕ್ಕ ಸರಿ ಮಾಡಿಕೊಳ್ಳಿ, ಉಳಿದದ್ದು ಅದರ ಹಿಂದೆಯೇ ಬರುತ್ತದೆ.

127, 149 ಅಡಿಗಳಲ್ಲ, ಲಿಂಕ್‌ಗಳು. ಮದ್ರಾಸು ಕಾಲದ ಸರ್ವೆ ಗಂಟರ್ ಸರಪಳಿಯಲ್ಲಿ ನಡೆದದ್ದು: 66 ಅಡಿಯ ಸರಪಳಿಗೆ 100 ಲಿಂಕ್, ಒಂದು ಲಿಂಕ್ 0.66 ಅಡಿ, 1000 ಚದರ ಲಿಂಕ್‌ಗೆ ಒಂದು ಸೆಂಟ್. 127 × 149 = 18,923 ಚದರ ಲಿಂಕ್, ಅಂದರೆ 18.9 ಸೆಂಟ್ಸ್. ಆರ್‌ಟಿಸಿಯ 19 ಇಲ್ಲಿಂದಲೇ ಬಂದದ್ದು. ನಕ್ಷೆಗೂ ಆರ್‌ಟಿಸಿಗೂ ಜಗಳವೇ ಇಲ್ಲ.

ಬೀಜವರಿಯಿಂದ ವಿಸ್ತೀರ್ಣ ತೆಗೆಯಬೇಡಿ. ಮುಡಿಗೆ 42 ಸೇರು, ಕಳಸಿಗೆಗೆ 14 ಸೇರು ಎನ್ನುವುದು ಸರಿ, ಆದರೆ ಅದು ಬೀಜದ ಅಳತೆ. ಎಷ್ಟು ಸೇರು ಎಷ್ಟು ನೆಲಕ್ಕೆ ಎಂಬುದು ತಗ್ಗಿನ ಬೈಲೋ ನಡುವಿನ ಮಜಲೋ ಎತ್ತರದ ಬೆಟ್ಟೋ ಎನ್ನುವುದರ ಮೇಲೆ, ಚೆಲ್ಲಿ ಬಿತ್ತುವುದೋ ನೇಜಿ ನೆಡುವುದೋ ಎನ್ನುವುದರ ಮೇಲೆ ಬದಲಾಗುತ್ತದೆ. ‘ಮುಡಿಗೆ ಎಕರೆ’ ಬಾಯಿಲೆಕ್ಕಕ್ಕೆ ಆದೀತು, ಗಡಿ ಹಿಡಿಯಲು ಆಗುವುದಿಲ್ಲ. ಅದೂ ತೆಂಗು ಇರುವ ಹೊಳೆಬದಿಯ ಬೆಟ್ಟು ಜಾಗಕ್ಕೆ ಬೀಜವರಿ ಬರೆದದ್ದು ತೀರ್ವೆ (ಭೂಕಂದಾಯ) ಹಂಚುವ ಸಲುವಾಗಿ.

ನಿಮಗೆ ಬೇಕಾದ್ದು ಕೋಲು. ಕೋಲಿನ ಉದ್ದ ಊರಿಂದ ಊರಿಗೆ ಬೇರೆ, ಪುಸ್ತಕದಿಂದ ತೆಗೆದ ಸಂಖ್ಯೆ ಹಾಕಬಾರದು. ಕದಲದ ಒಂದು ಬದಿಯಿಂದ ತೆಗೆಯಿರಿ. ತೋಡಿನಿಂದ ಅಗಳಿಗೆ ದಾರಿಯ ಬದಿ 36 ಕೋಲು. ನಕ್ಷೆಯಲ್ಲಿ ಅದೇ 127 ಲಿಂಕ್ ಇದ್ದರೆ 83.8 ಅಡಿ. ಭಾಗಿಸಿದರೆ ಕೋಲಿಗೆ 28 ಇಂಚು. ಹಾಗಾದರೆ 60 ಕೋಲು 140 ಅಡಿ, ಒಟ್ಟು 84 × 140 = 11,760 ಚದರಡಿ. ಸೆಂಟ್ಸಿಗೆ 435.6 ಚದರಡಿಯಂತೆ 27 ಸೆಂಟ್ಸ್.

ಈಗ ಬಾವಿ ನೋಡಿ. ಅದು ಈಗಲೂ ಇದ್ದರೆ ದಾರಿಯ ಅಂಚಿನಿಂದ ಅಳೆಯಿರಿ. 25 ಕೋಲು ಅಂದರೆ 58 ಅಡಿ 4 ಇಂಚು ಬರಬೇಕು. ಬಂದರೆ ಕೋಲು ನಿಶ್ಚಯ, ದಾರಿ ಅಗಲವಾಗಿ ಜಾಗ ನುಂಗಿಲ್ಲ ಎಂಬುದೂ ನಿಶ್ಚಯ. ಐದಾರು ಅಡಿ ಕಮ್ಮಿ ಬಂದರೆ ಅಷ್ಟು ದಾರಿಗೆ ಹೋಗಿದೆ ಎಂದು ತಿಳಿಯಿರಿ.

ತೆಂಗು ದುರ್ಬಲ ಸಾಕ್ಷಿ, ಆದರೂ ಹೇಳುತ್ತೇನೆ. 25 ಅಡಿ ಅಂತರದಲ್ಲಿ ಎಕರೆಗೆ 70 ಮರ, 27 ಸೆಂಟ್ಸಿಗೆ 19. ಮಂಜಿ ಕಟ್ಟುವ ಅಂಗಳ ಬಿಟ್ಟು 16 ಎಂದರೆ ಹೊಂದುತ್ತದೆ.

---

ಮೂಡುಮಾಗಣೆ ಬರೆದದ್ದು:

೧|| ಅಂದರೆ 111 ಅಲ್ಲ ಮಾರಾಯ್ರೆ. ಒಂದೂವರೆ ರೂಪಾಯಿ, ಅಂದರೆ 1-8-0 (ರೂಪಾಯಿ-ಆಣೆ-ಪೈ). ಅಂಕಿಯ ಪಕ್ಕದ ನಿಂತ ಗೆರೆ ಒಂದಕ್ಕೆ ನಾಲ್ಕು ಆಣೆ, ಎರಡಕ್ಕೆ ಎಂಟು, ಮೂರಕ್ಕೆ ಹನ್ನೆರಡು. ಮಲಗಿದ ಗೆರೆ ಒಂದಕ್ಕೆ ಒಂದು ಆಣೆ. ೧||= ಇದ್ದರೆ ಒಂದು ರೂಪಾಯಿ ಹತ್ತು ಆಣೆ. ಮೋಡಿ ಬರಹದಲ್ಲಿ ಈ ಗೆರೆಗಳನ್ನು ಅಂಕಿಗೆ ತಾಗಿಸಿಯೇ ಎಳೆಯುತ್ತಿದ್ದರು, ಹಾಗಾಗಿ ಗೆರೆಯನ್ನು 1 ಎಂದು ಓದಿಹೋಗುತ್ತದೆ. ೬ ಮತ್ತು ೯ ಕೂಡ ಇನ್ನೊಮ್ಮೆ ನೋಡಿಕೊಳ್ಳಿ, ಅದೇ ಕೈಬರಹದ ಬೇರೆ ಸಾಲಿನಲ್ಲಿ ಸಂಖ್ಯೆಯನ್ನು ಅಕ್ಷರದಲ್ಲಿ ಬರೆದಿದ್ದರೆ ಅದರ ಜೊತೆ ಹೋಲಿಸಿ.

ತಾರೀಕು: ತಾರಣ 1824–25ಕ್ಕೂ 1884–85ಕ್ಕೂ ಬರುತ್ತದೆ. ಪತ್ರದ ಹಿಂಬದಿ ನೋಡಿ. ‘1ನೇ ಪುಸ್ತಕ, ವಾಲ್ಯೂಮು, ಪುಟ, ನಂಬ್ರ’ ಎಂಬ ಸಬ್‌ರಿಜಿಸ್ಟ್ರಾರ್ ಷರಾ ಇದ್ದರೆ 1824 ಆಗುವುದಿಲ್ಲ. ಎಲ್ಲಾದರೂ ಫಸಲಿ (ಕಂದಾಯ ವರ್ಷ) ಬರೆದಿದ್ದರೆ 590 ಕೂಡಿಸಿ, 1294 ಎಂದರೆ 1884 ಜುಲೈಯಿಂದ. ಹಣ ವರಾಹದಲ್ಲಿ ಇಲ್ಲದೆ ರೂಪಾಯಿಯಲ್ಲೇ ಇರುವುದೂ ಈಚಿನ ಕಡೆಗೇ ವಾಲುತ್ತದೆ, ಆದರೆ ಅದೊಂದರಿಂದ ತೀರ್ಮಾನ ಬೇಡ.

ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಉಂಟು. ಆ 1-8-0 ಯಾರಿಗೆ, ಯಾವ ಬಾಬ್ತು? ಹೊಳೆಬದಿಯಲ್ಲಿ ಕಸುಬಿನವರಿಗೆ ಕೊಟ್ಟ ಜಾಗಗಳಲ್ಲಿ ಮೂಲಗೇಣಿಯೂ (ಶಾಶ್ವತ ಗೇಣಿ) ಬೇಕಾದಷ್ಟು ಇದೆ. ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ಮೇಲೆ ವರ್ಷಕ್ಕೆ ಸಣ್ಣ ನಿಶ್ಚಿತ ಗೇಣಿ. ಮೇಲ್ನೋಟಕ್ಕೆ ಕ್ರಯದ ಹಾಗೆಯೇ ಕಾಣುತ್ತದೆ. ಪೂರ್ತಿ ವಾಕ್ಯ ಹಾಕಿ.

---

ತೋಡುಬದಿ ಬರೆದದ್ದು:

ಬಾವಿಗೆ ದಾರಿಯಿಂದ 58 ಅಡಿ. ಮುರಕಲ್ಲಿನ ಹಳೆ ಬಾವಿಯೇ.

ಹಿಂಬದಿಯಲ್ಲಿ ‘1ನೇ ಪುಸ್ತಕ’ ಓದಲಾಗುತ್ತದೆ, ವಾಲ್ಯೂಮು ಮತ್ತು ನಂಬ್ರ ಅಳಿಸಿಹೋಗಿವೆ.

ವಾಕ್ಯ ಹೀಗಿದೆ: ‘ಸದ್ರಿ ವರ್ಗದ ತೀರ್ವೆ ಪೈಕಿ ಈ ಸ್ಥಳದ ಬಾಬ್ತು ವರ್ಷಂಪ್ರತಿ ರೂ. ೧|| ನಮ್ಮ ಕೈಗೆ ಕೊಟ್ಟು ರಶೀದಿ ಪಡೆದುಕೊಳ್ಳತಕ್ಕದ್ದು. ಮುಂದೆ ಸರಕಾರದಿಂದ ತೀರ್ವೆ ಹೆಚ್ಚಾದಲ್ಲಿ ಪಾಲಿನಂತೆ ನೀವೇ ಕೊಡತಕ್ಕದ್ದು.’ ಅದರ ಮೇಲೆ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂದಿದೆ. ‘ಹೊಳೆ ನೀರಿನವರೆಗೆ ಮಂಜಿ ಇಳಿಸುವ ಹಾದಿ ಸಹಿತ’ ಎಂದೂ ಇದೆ.

ಹಾಗಾದರೆ 27 ಸೆಂಟ್ಸಿನಲ್ಲಿ 8 ಸೆಂಟ್ಸ್ ಎಲ್ಲಿ ಹೋಯಿತು? ಹೊಳೆ ಕೊರೆದದ್ದಾ?

---

ಹಳೆಕಡತ ಬರೆದದ್ದು:

ಬಾವಿ ಹೊಂದಿತು ಎಂದರೆ ಕೋಲು 28 ಇಂಚು, ಬಡಗು ಬದಿ ಕದಲಿಲ್ಲ. ಕಮ್ಮಿಯಾದದ್ದು ಪೂರ್ತಿ ತೆಂಕಿನಲ್ಲಿ. 149 ಲಿಂಕ್ 98 ಅಡಿ, ಪತ್ರದಲ್ಲಿ 140. ಸುಮಾರು 42 ಅಡಿಯ ಪಟ್ಟಿ.

‘ಹೊಳೆ ಕೊರೆಯಿತು’ ಎಂದು ಕೂಡಲೇ ಹೇಳಬೇಡಿ. ಈ ಜಿಲ್ಲೆಗೆ ಸರ್ವೆ-ಸೆಟ್ಲ್‌ಮೆಂಟು ಬಂದದ್ದು 19ನೇ ಶತಮಾನದ ಕೊನೆ, 20ನೆಯದರ ಆರಂಭದಲ್ಲಿ. ನಿಮ್ಮ 149 ಆ ಮೂಲ ನಕ್ಷೆಯದ್ದೇ ಆಗಿದ್ದರೆ 1923ರ ದೊಡ್ಡ ನೆರೆಯ ಮೇಲೆ ಹೊರಿಸಲು ಆಗುವುದಿಲ್ಲ, ಕೊರತೆ ಅದಕ್ಕೂ ಮೊದಲೇ ಇದೆ. ಕ್ರಯವಾಗಿ ಹತ್ತಿಪ್ಪತ್ತು ವರ್ಷಗಳೊಳಗೆ 42 ಅಡಿ ದಂಡೆ ಹೋದರೆ ತೋಡಿನ ಬಾಯಿಯ ಆಕಾರವೂ ಬದಲಾಗಬೇಕಿತ್ತು. ನಕ್ಷೆಯಲ್ಲಿ ತೋಡು ನೇರವಾಗಿಯೇ ಹೊಳೆಗೆ ಇಳಿದಿದ್ದರೆ ಕಾರಣ ಬೇರೆ.

ಬಹುಶಃ ಎರಡು ಕಡೆಯವರು ಎರಡು ಬೇರೆ ಗೆರೆಗಳಿಗೆ ಅಳೆದಿದ್ದಾರೆ. ನೇತ್ರಾವತಿ ಅಲ್ಲಿ ಉಪ್ಪುನೀರಿನ ಹೊಳೆ, ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತದ ಅಂತರ ಸುಮಾರು ನಾಲ್ಕು ಅಡಿ. ದಂಡೆ ಹತ್ತಕ್ಕೆ ಒಂದರಂತೆ ಇಳಿಜಾರಾಗಿದ್ದರೆ ಆ ನಾಲ್ಕು ಅಡಿ ನೆಲದ ಮೇಲೆ ನಲವತ್ತು ಅಡಿಯಾಗಿ ಹರಡುತ್ತದೆ. ಮಂಜಿ ಕಟ್ಟುವವರಿಗೆ ಈ ನಲವತ್ತು ಅಡಿಯೇ ಜಾಗದ ಬೆಲೆ. ಉಬ್ಬರದ ಗೆರೆಯ ಮೇಲೆ ಮಂಜಿ ಕಟ್ಟಬೇಕು, ದೊಡ್ಡ ಉಬ್ಬರದ ದಿನ ನೂಕಿ ನೀರಿಗೆ ಇಳಿಸಬೇಕು, ರಿಪೇರಿಗೆ ಬಂದದ್ದನ್ನು ಉಬ್ಬರದಲ್ಲಿ ಹತ್ತಿಸಿ ಇಳಿತದಲ್ಲಿ ಅಡಿಭಾಗ ನೋಡಬೇಕು. ಹೊಳೆಯಲ್ಲಿ ತೇಲಿಸಿ ತಂದ ಮರ ಕಟ್ಟಿಹಾಕುವುದೂ ಅಲ್ಲಿಯೇ. ಹಾಗಾಗಿ ಕೊಡುವವರೂ ಕೊಳ್ಳುವವರೂ ಕೋಲು ಹಾಕಿದ್ದು ಇಳಿತದ ನೀರಿನವರೆಗೆ ಎಂದು ತಿಳಿಯುವುದು ಸಹಜ. ‘ಹೊಳೆ ನೀರಿನವರೆಗೆ’ ಎಂಬ ಮಾತು ಅದಕ್ಕೆ ಬಲ ಕೊಡುತ್ತದೆ. ಸರ್ವೆಯವರು ದರೆಯ (ದಂಡೆಯ ಎತ್ತರದ ಭಾಗ) ಅಂಚಿಗೇ ಸರಪಳಿ ನಿಲ್ಲಿಸಿ, ಆಚೆಯದನ್ನು ಹೊಳೆ ಪುರಂಬೋಕಿಗೆ (ಕಂದಾಯವಿಲ್ಲದ ಸರಕಾರಿ ನೆಲ) ಸೇರಿಸಿದರು.

ಪರೀಕ್ಷೆ ಮಾಡುವುದು ಹೀಗೆ. ಅಮಾವಾಸ್ಯೆಯ ಮರುದಿನ ಇಳಿತದ ಹೊತ್ತಿಗೆ ಹೋಗಿ. ದಾರಿಯ ಅಂಚಿನಿಂದ ಟೇಪು ಹಿಡಿದು ದರೆಗೆ ಎಷ್ಟು, ನೀರಿಗೆ ಎಷ್ಟು ಎಂದು ಎರಡೂ ಬರೆದುಕೊಳ್ಳಿ. ದರೆ 98ರ ಹತ್ತಿರ, ನೀರು 140ರ ಹತ್ತಿರ ಬಂದರೆ ಲೆಕ್ಕ ಮುಗಿಯಿತು. ಕಲ್ಲಿನ ತಡೆಗೋಡೆ ಕಟ್ಟಿದ ಕಡೆ ಅಥವಾ ಮಣ್ಣು ತುಂಬಿದ ಕಡೆ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ತೋಡಿನ ಆಚೆಯ ಪಕ್ಕದ ಸರ್ವೆ ನಂಬ್ರದ ನಕ್ಷೆ ತೆಗೆದು ಅದರ ದರೆಯ ಗೆರೆ ನೋಡಿ.

---

ಕುದ್ರುಕರೆ ಬರೆದದ್ದು:

ಪತ್ರದಲ್ಲಿ ‘ಜಲ’, ‘ಆಗಾಮಿ’ ಎರಡೂ ಇದೆಯಲ್ಲ. ಹಾಗಾದರೆ ಆ ಪಟ್ಟಿಯ ಮೇಲೆ, ಮುಂದೆ ಹೂಳು ಬಂದು ನೆಲವಾದರೆ ಅದರ ಮೇಲೆ ಹಕ್ಕು ಹೇಳಬಹುದಾ? ಕುಮ್ಕಿ ಎಂದು ಕೇಳಬಹುದಾ?

---

ಮೂಡುಮಾಗಣೆ ಬರೆದದ್ದು:

ಆಗುವುದಿಲ್ಲ. ಆ ಎಂಟು ಮಾತು ಅಷ್ಟಭೋಗ (ಜಾಗದ ಎಂಟು ಬಗೆಯ ಅನುಭೋಗದ ಹಕ್ಕು), ಹೊಳೆಯಿಂದ ಹತ್ತು ಮೈಲಿ ದೂರದ ಗುಡ್ಡದ ಕ್ರಯಪತ್ರದಲ್ಲೂ ಹಾಗೆಯೇ ಬರೆಯುತ್ತಾರೆ. ಕೊಡುವವರಿಗೆ ಇದ್ದದ್ದು ಪೂರ್ತಿ ಕೊಟ್ಟರು ಎಂದಷ್ಟೇ ಅದರಿಂದ ತೆಗೆಯಬೇಕು. ಅವರಿಗೆ ಇಲ್ಲದ್ದು ಆ ಮಾತಿನಿಂದ ಹುಟ್ಟುವುದಿಲ್ಲ. 1905ರ ಮದ್ರಾಸು ಭೂ ಒತ್ತುವರಿ ಕಾಯ್ದೆ ಹೊಳೆಯ ಪಾತ್ರ ಸರಕಾರದ್ದು ಎಂದು ಬರೆದಿಟ್ಟಿತು. ಈಗಿನ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮೂ ಅದನ್ನೇ ಹೇಳುತ್ತದೆ. ಕುಮ್ಕಿ ವರ್ಗಕ್ಕೆ ತಾಗಿದ 100 ಗಜದೊಳಗಿನ ಸರಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು. ಒಡೆತನ ಅಲ್ಲ, ಹೊಳೆಯ ಪಾತ್ರಕ್ಕೆ ಅನ್ವಯಿಸುವುದೂ ಇಲ್ಲ. ಈ 8 ಸೆಂಟ್ಸನ್ನು ಇತಿಹಾಸಕ್ಕಾಗಿ ಬರೆದಿಡಿ, ಬೇಲಿ ಹಾಕಲು ಹೋಗಬೇಡಿ.

ತೋಡುಬದಿಯವರೇ, ನಿಮ್ಮ ವಾಕ್ಯ ನೋಡಿದರೆ ಕ್ರಯ ಎಂದೇ ಕಾಣುತ್ತದೆ. ‘ತೀರ್ವೆ ಪೈಕಿ’ ಎಂದಿದೆ, ‘ಗೇಣಿ’ ಎಂದಿಲ್ಲ. ವರ್ಗ ಒಡೆಯದೆ ತುಂಡು ಮಾರಿದಾಗ ಪಟ್ಟೆ ಹಳಬರ ಹೆಸರಲ್ಲೇ ಉಳಿದು, ಕೊಂಡವರು ತಮ್ಮ ಪಾಲಿನ ತೀರ್ವೆಯನ್ನು ಅವರ ಕೈಗೆ ಕೊಡುತ್ತಿದ್ದರು. ಆದರೆ ಇನ್ನೆರಡು ಕಡೆ ನೋಡಬೇಕು. ಕೊಟ್ಟವರು ತಮ್ಮ ಹಕ್ಕನ್ನು ‘ಮೂಲಿ ವರ್ಗ’ (ಸ್ವಂತ ಒಡೆತನ) ಎಂದು ಬರೆದಿದ್ದಾರೋ, ‘ಮೂಲಗೇಣಿ ಹಕ್ಕು’ ಎಂದೋ? ಅವರೇ ಮೂಲಗೇಣಿಯವರಾಗಿದ್ದರೆ ಮಾರಿದ್ದೂ ಮೂಲಗೇಣಿಯನ್ನೇ, ಆಗ 2011ರ ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆಯ ದಾರಿ ಬೇರೆ. ಎರಡನೆಯದು ರುಜು. ಅಳಿಯಸಂತಾನದ (ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ) ಕುಟುಂಬವಾದರೆ ಯಜಮಾನರೊಬ್ಬರ ರುಜು ಸಾಲದು. ಪ್ರಾಯಕ್ಕೆ ಬಂದ ಉಳಿದವರ ಒಪ್ಪಿಗೆ ರುಜು, ಅಥವಾ ಕುಟುಂಬದ ಯಾವ ಸಾಲ-ಖರ್ಚಿಗಾಗಿ ಮಾರಿದ್ದು ಎಂಬ ಕಾರಣ, ಪತ್ರದಲ್ಲಿ ಇರಬೇಕು. ಅದಿಲ್ಲದಿದ್ದರೆ ಮುಂದೆ ಅಳಿಯಂದಿರು ದಾವೆ ಹೂಡಿ ಕ್ರಯ ಬಿದ್ದುಹೋಗುವುದಿತ್ತು. ಅಂಥ ದಾವೆಯ ಡಿಕ್ರಿ ಇದ್ದರೆ ಪತ್ರಕ್ಕಿಂತ ಅದು ಮುಖ್ಯ.

---

ಹಳೆಕಡತ ಬರೆದದ್ದು:

ನಂಬ್ರ ಅಳಿಸಿದ್ದಕ್ಕೆ ದಾರಿ ಇದೆ. 100 ರೂಪಾಯಿಗೆ ಮೇಲಿನ ಸ್ಥಿರಾಸ್ತಿ ಕ್ರಯಕ್ಕೆ ಆಗ ನೋಂದಣಿ ಕಡ್ಡಾಯ, 225ರದ್ದು ರಿಜಿಸ್ಟರಿನಲ್ಲಿ ಏರಿರಲೇಬೇಕು. ‘1ನೇ ಪುಸ್ತಕ’ ಇರುವುದರಿಂದ ತಾರಣ 1884–85ರದ್ದೇ, ಧನು ಮಾಸ 17 ಎಂದರೆ 1884ರ ಡಿಸೆಂಬರ್ ಕೊನೆ. ಬರೆದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬಹುದಿತ್ತು, ಹಾಗಾಗಿ 1884ರಲ್ಲಿ ಸಿಗದಿದ್ದರೆ ನಿಲ್ಲಿಸಬೇಡಿ, 1885ರ ಏಪ್ರಿಲ್ ಕೊನೆಯವರೆಗೂ ಹುಡುಕಿಸಿ. ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ.

1ನೇ ಪುಸ್ತಕ ಮತ್ತು ಅದರ ಇಂಡೆಕ್ಸನ್ನು ಫೀಸು ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲೂ ಪಡೆಯಬಹುದು. 1ನೇ ಇಂಡೆಕ್ಸ್ ಹೆಸರಿನದ್ದು, 2ನೆಯದು ಆಸ್ತಿಯದ್ದು. ಆಚಾರಿಯವರ ಹೆಸರಿನಿಂದ ಹುಡುಕಿದರೆ ಒಂದೇ ಹೆಸರಿನವರು ಹಲವರು ಸಿಗುತ್ತಾರೆ, ಮೊದಲು ವರ್ಗದಾರರ ಹೆಸರಿನಿಂದ ನೋಡಿ. ಅರ್ಜಿಯಲ್ಲಿ ಈಗಿನ ಸರ್ವೆ ನಂಬ್ರ ಹಾಕಿದರೆ ಆ ಕಾಲದ್ದು ಸಿಗುವುದಿಲ್ಲ, ಆಗ ಸರ್ವೆ ನಂಬ್ರವೇ ಇರಲಿಲ್ಲ. ಮಾಗಣೆ (ಹಲವು ಗ್ರಾಮಗಳ ಗುಂಪು), ಗ್ರಾಮ, ವರ್ಗ ನಂಬ್ರ ಬರೆಯಿರಿ. ವರ್ಗ ನಂಬ್ರ ಗೊತ್ತಿಲ್ಲದಿದ್ದರೆ ಸೆಟ್ಲ್‌ಮೆಂಟ್ ರಿಜಿಸ್ಟರಿನಲ್ಲಿ ಸರ್ವೆ ನಂಬ್ರದ ಎದುರು ಹಳೆಯದನ್ನು ಹುಡುಕಿ.

ಪತ್ರವನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಹಿಂಬದಿಯ ಷರಾ ಓದಲು ಬೆಳಕನ್ನು ಪಕ್ಕದಿಂದ ಬೀಳಿಸಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ಬೇರೆ ಮಾಡಿ ನೀಲಿ ಚಾನೆಲ್ ಒಂದನ್ನೇ ಕಪ್ಪು-ಬಿಳುಪಾಗಿ ನೋಡಿ. ಕಂದಾದ ಶಾಯಿ ಅದರಲ್ಲಿ ತುಸು ಎದ್ದು ಕಾಣುತ್ತದೆ. ವಾಲ್ಯೂಮು ನಂಬ್ರದ ಒಂದು ಅಂಕಿ ಸಿಕ್ಕಿದರೂ ಹುಡುಕುವ ಕೆಲಸ ಅರ್ಧ ಕಮ್ಮಿ.

---

ತೋಡುಬದಿ ಬರೆದದ್ದು:

ನೀಲಿ ಚಾನೆಲ್‌ನಲ್ಲಿ ನಂಬ್ರ ಕಾಣಲಿಲ್ಲ, ಆದರೆ ‘1885’ ಸ್ಪಷ್ಟವಾಗಿ ಓದಲಾಯಿತು. ಕೊಟ್ಟವರ ಹಕ್ಕು ‘ಮೂಲಿ ವರ್ಗ’ ಎಂದೇ ಇದೆ, ಕೆಳಗೆ ನಾಲ್ಕು ಒಪ್ಪಿಗೆ ರುಜು. ದರೆಗೆ 97 ಅಡಿ. ಇಳಿತದ ನೀರಿಗೆ ಅಳೆಯುವುದು ಬರುವ ಅಮಾವಾಸ್ಯೆಗೆ, ಸಂಖ್ಯೆ ಇಲ್ಲಿಯೇ ಹಾಕುತ್ತೇನೆ.