‘ಎಲುಬು ಕೂಡದು’ ಎಂದರೆ ಏನು ಅರ್ಥವಾಗುತ್ತದೆ? ಮಜ್ಜೆ, ಕಾಂಡಕೋಶಗಳಿಗೆ ಬಳಕೆಯ ಮಾತು ಬೇಕು

ಬಳಗದವರಿಗೆಲ್ಲ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವವಳು. ಎಲುಬು ಮುರಿದು ತಿಂಗಳುಗಟ್ಟಲೆ ಆದರೂ ಒಂದಾಗದವರಿಗಾಗಿ ಒಂದು ಹಾಳೆಯ ಕನ್ನಡ ಬರಹ ಸಿದ್ಧಮಾಡುತ್ತಿದ್ದೇನೆ. ಅಂಥವರಿಗೆ ಕಾಂಡಕೋಶದಿಂದ (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶ) ಏನು ಮಾಡುತ್ತಾರೆ ಎಂಬುದನ್ನೂ ಅದರಲ್ಲಿ ಹೇಳಬೇಕು. ಮೂರು ಮಾತುಗಳಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಮೊದಲು ‘ಕೂಡು’. ಕಳೆದ ವಾರ ಬ್ಯಾಡಗಿ ಕಡೆಯ ರೈತರೊಬ್ಬರು ಬಂದಿದ್ದರು. ಮೊಣಕಾಲ ಕೆಳಗಿನ ದೊಡ್ಡ ಎಲುಬು ಮುರಿದು ಹನ್ನೊಂದು ತಿಂಗಳು, ಒಳಗೆ ರಾಡ್. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎರಡು ತುದಿಗಳ ನಡುವಿನ ಕಪ್ಪು ಗೆರೆ ಇದ್ದ ಹಾಗೇ ಇದೆ. “ಇನ್ನೂ ಕೂಡಿಲ್ರೀ ಅಕ್ಕಾರ, ಹಸೀನ ಐತಿ” ಎಂದರು. ನಾನು ಕರಡಿನಲ್ಲಿ ‘ಕೆಲವರಿಗೆ ಎಲುಬು ಕೂಡದು’ ಎಂದು ಬರೆದಿದ್ದೆ. ಅದರ ಕೆಳಗಿನ ಸಾಲು ‘ಕಾಲಿನ ಮೇಲೆ ಭಾರ ಹಾಕಕೂಡದು’. ಹತ್ತನೆಯ ತರಗತಿ ಓದುವ ಅವರ ಮಗ ಎರಡನ್ನೂ ಓದಿ, “ಎಲುಬು ಕೂಡಬಾರದು ಅಂತ ಯಾಕ ಬರದೀರಿ?” ಎಂದು ಕೇಳಿದ. ಹುಡುಗ ಓದಿದ್ದು ತಪ್ಪಲ್ಲ, ನಾನು ಬರೆದದ್ದೇ ತಪ್ಪು. ಬೇಡ ಎನ್ನುವ ‘ಕೂಡದು’ ಈಗ ಎಷ್ಟು ಬಲವಾಗಿ ನಿಂತಿದೆ ಎಂದರೆ, ಒಂದಾಗುವುದಿಲ್ಲ ಎಂಬ ಹಳೆಯ ಅರ್ಥವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ.

ಹಾಗೆಂದು ಆ ಕ್ರಿಯಾಪದವನ್ನೇ ಬಿಡಲು ಮನಸ್ಸಿಲ್ಲ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಎಲುಬೂ ಹಾಗೆಯೇ, ತಾನಾಗಿ ಹರಿದು ಬಂದು ಕೂಡಬೇಕು. ‘ಬೆಸೆ’ ಎಂದರೆ ಯಾರೋ ಹೊರಗಿನಿಂದ ಬೆಸುಗೆ ಹಾಕಿದಂತೆ ಕೇಳಿಸುತ್ತದೆ. ರಾಡ್ ಹಿಡಿದು ನಿಲ್ಲಿಸುತ್ತದೆ ಅಷ್ಟೇ, ಬೆಸೆಯುವುದಿಲ್ಲ. ಇನ್ನೊಂದು ತೊಡಕು: ತಡವಾಗಿ ಕೂಡುವುದು ಬೇರೆ, ಕೂಡುವುದೇ ನಿಂತುಹೋಗುವುದು ಬೇರೆ. ಒಂಬತ್ತು ತಿಂಗಳು ಕಳೆದು, ಕೊನೆಯ ಮೂರು ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಎರಡನೆಯದು ಎನ್ನುವುದು ರೂಢಿಯ ಅಳತೆ. ಮೊದಲನೆಯದಕ್ಕೆ ಆ ರೈತರ ‘ಹಸಿ’ಯೇ ಚೆನ್ನ. ಎರಡನೆಯದಕ್ಕೆ ‘ಕೂಡುವುದು ನಿಂತ ಎಲುಬು’ ಎಂದು ಬರೆದಿದ್ದೇನೆ. ಉದ್ದವಾಯಿತೇ?

ಇನ್ನು ‘ಮಜ್ಜೆ’, ಅಂದರೆ ಎಲುಬಿನೊಳಗಿನ ಮೆತ್ತನೆಯ ತಿರುಳು. ಈ ಚಿಕಿತ್ಸೆಗೆ ಕಾಂಡಕೋಶ ಸಿಗುವುದು ಇದರಲ್ಲೇ. ಸೊಂಟದ ಎಲುಬಿನಿಂದ ಸೂಜಿಯಲ್ಲಿ ಮಜ್ಜೆ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಬೇಕಾದ ಪದರವನ್ನಷ್ಟೇ ಮುರಿದ ಜಾಗಕ್ಕೆ ಚುಚ್ಚುತ್ತಾರೆ. ಗದಗಿನ ಅಜ್ಜಿಯೊಬ್ಬರಿಗೆ ಇದನ್ನು ಹೇಳುತ್ತಿದ್ದಾಗ ಅವರು ‘ಮಜ್ಜಿಗಿ’ ಎಂದು ಕೇಳಿಸಿಕೊಂಡು, ದಿನಾ ಎಷ್ಟು ಕುಡಿಯಬೇಕು ಎಂದರು. ತಿದ್ದಿ ಹೇಳಿದ ಮೇಲೆ ಅವರೇ “ಅಂದ್ರ ಕಡದು ಬೆಣ್ಣಿ ತಗದಂಗ” ಎಂದರು. ಇಷ್ಟು ಒಳ್ಳೆಯ ವಿವರಣೆ ನನಗೆ ಹೊಳೆದಿರಲಿಲ್ಲ, ಹಾಳೆಗೆ ಸೇರಿಸಿದ್ದೇನೆ. ಆದರೆ ಮಜ್ಜೆಗೆ ಮನೆಮಾತು ಯಾವುದು? ಮಟನ್ ತಿನ್ನುವವರಿಗೆ ‘ನಳ್ಳಿಯೊಳಗಿಂದು’ ಎಂದರೆ ತಟ್ಟನೆ ತಿಳಿಯುತ್ತದೆ, ತಿನ್ನದವರಿಗೆ ಅದನ್ನು ಹೇಳುವಂತಿಲ್ಲ. ತಮಿಳಿನಲ್ಲಿ ‘ಮೂಳೈ’ ಮಿದುಳಿಗೂ ಹೌದು, ಮಜ್ಜೆಗೂ ಹೌದು. ನಮ್ಮಲ್ಲಿ ‘ಮೂಳೆ’ ಎಲುಬೇ ಆಗಿದೆ.

ನನಗೆ ಹೆಚ್ಚು ಕಳವಳ ‘ಕಾಂಡಕೋಶ’ದ್ದು. ಜರ್ಮನಿಯ ಜೀವವಿಜ್ಞಾನಿ ಹೆಕೆಲ್ 1868ರಲ್ಲಿ ‘ಸ್ಟಾಮ್‌ತ್ಸೆಲ್ಲೆ’ (ಸ್ಟೆಮ್ ಸೆಲ್‌ಗೆ ಜರ್ಮನ್ ಮಾತು) ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ವಂಶವೃಕ್ಷದ ಬೊಡ್ಡೆ. ಕನ್ನಡಕ್ಕೆ ಬರುವಾಗ ವಂಶ ಬಿಟ್ಟುಹೋಗಿ ಕಾಂಡ ಮಾತ್ರ ಉಳಿಯಿತು. “ಯಾವ ಗಿಡದ್ದರೀ?” ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ‘ಕಸಿ’ಯೂ ಗಿಡದಿಂದಲೇ ಬಂದ ಮಾತು, ಆದರೆ ಎಲುಬಿನ ಕಸಿ ಎಂದರೆ ಯಾರೂ ತಡವರಿಸುವುದಿಲ್ಲ. ಅದು ಕೈಯಿಂದ ಮಾಡಿ ಬಲ್ಲ ಕೆಲಸದ ಹೆಸರು; ‘ಕಾಂಡ’ ಪಠ್ಯಪುಸ್ತಕದ್ದು, ಹೊಲದಲ್ಲಿ ಅದು ದಂಟು ಇಲ್ಲವೇ ಬೊಡ್ಡಿ.

‘ಆಕರಕೋಶ’, ‘ಮೂಲಕೋಶ’ ಎಂದು ಬರೆದವರಿದ್ದಾರೆ. ಗೆಳತಿಯೊಬ್ಬಳು ‘ತಾಯಿಕೋಶ’ ಎಂದಳು. ಕೇಳಲು ಬಲು ಹಿತ, ಅದಕ್ಕೇ ನನಗೆ ಭಯ. ತಾಯಿ ಎಂದ ಮೇಲೆ ಎಲ್ಲವನ್ನೂ ಸರಿಮಾಡುತ್ತಾಳೆ ಎಂದು ನಂಬುತ್ತಾರೆ. ಅಮೆರಿಕದ ವಿಜ್ಞಾನಿ ಅರ್ನಾಲ್ಡ್ ಕ್ಯಾಪ್ಲನ್ ಮಜ್ಜೆಯ ಈ ಕೋಶಗಳಿಗೆ 1991ರಲ್ಲಿ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ರೂಢಿಗೆ ತಂದರು. 2017ರಲ್ಲಿ ಅವರೇ, ಆ ಹೆಸರು ಜನರಿಗೆ ತಪ್ಪು ಭರವಸೆ ಕೊಡುತ್ತಿದೆ, ಬದಲಿಸಿ ಎಂದು ಬರೆದರು. ಮಜ್ಜೆಯಲ್ಲಿ ಇವು ಹತ್ತು ಸಾವಿರ ಕೋಶಗಳಿಗೆ ಒಂದು ಸಿಕ್ಕರೆ ಹೆಚ್ಚು. ಫ್ರಾನ್ಸಿನ ಎಲುಬಿನ ವೈದ್ಯ ಎರ್ನಿಗೂ (Hernigou) ಅವರ ತಂಡ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೀಗೆ ಮಜ್ಜೆ ಚುಚ್ಚಿಸಿಕೊಂಡ 60 ಮಂದಿಯಲ್ಲಿ 53 ಮಂದಿಯ ಕಾಲಿನ ಎಲುಬು ಕೂಡಿತು. ಉಳಿದ ಏಳು ಮಂದಿಗೆ ಸಿಕ್ಕ ಕೋಶಗಳೇ ಕಡಿಮೆ ಇದ್ದವು. ಆ 60 ಮಂದಿಯೂ ಸೋಂಕಿಲ್ಲದವರು, ಎಲುಬಿನ ತುದಿ ಸೊರಗಿದವರು. ಅಲುಗಾಟದಿಂದ ಕೂಡದೆ ಉಳಿದವರಿಗೆ ಬೇಕಾದದ್ದು ಬಿಗಿ, ಕೋಶವಲ್ಲ. ಇದು ಹಾಳೆಯಲ್ಲಿ ಇರಲೇಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ, ರಕ್ತದ ಕೆಲವು ಕಾಯಿಲೆ ಬಿಟ್ಟರೆ ಉಳಿದ ಬಳಕೆಯೆಲ್ಲ ಅನುಮೋದನೆ ಪಡೆದ ಅಧ್ಯಯನದೊಳಗೇ ಇರಬೇಕು ಎನ್ನುತ್ತದೆ. ಹೊಲ ಒತ್ತೆಯಿಟ್ಟು ಬರುವವರ ಕೈಗೆ ಹೋಗುವ ಹಾಳೆ ಇದು.

ಸದ್ಯಕ್ಕೆ ‘ಮೂಲಕೋಶ’ ಎಂದು ಬರೆದು, ಮೊದಲ ಸಲ ಬಂದಾಗ ‘ನಿಮ್ಮದೇ ಎಲುಬಿನೊಳಗಿನದು, ಗಿಡದ್ದಲ್ಲ’ ಎಂದು ಸೇರಿಸಿದ್ದೇನೆ. ಸರಿಯೇ? ಹಾವೇರಿ, ಗದಗ ಕಡೆಯವರು ಮಜ್ಜೆಗೆ ಮನೆಯಲ್ಲಿ ಏನೆನ್ನುತ್ತೀರಿ ಎಂದು ದಯವಿಟ್ಟು ಹಿರಿಯರನ್ನು ಕೇಳಿ ತಿಳಿಸಿ. ಅಚ್ಚಿಗೆ ಕೊಡುವ ಮುನ್ನ ಬ್ಯಾಡಗಿಯ ಆ ಹುಡುಗನಿಂದಲೇ ಇನ್ನೊಮ್ಮೆ ಓದಿಸುತ್ತೇನೆ.